ಮಾಳಿಗೆಯ ಮಳೆನೀರು: ಅದರ ಸಂಗ್ರಹ ಮತ್ತು ಉಪಯೋಗ

ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಬದುಕಿಯಾನು. ನೀರಿಲ್ಲದೆ ಕೆಲವು ದಿನಗಳಿಗಿಂತ ಹೆಚ್ಚು ಬದುಕಲಾರನು. ಹೊಳೆಯ ದಂಡೆಯ ಊರಿನ ಮಕ್ಕಳು ಈ ಮಾತನ್ನು ಪುಸ್ತಕದಲ್ಲಿ ಓದಿ ತಿಳಿಯುವರು. ದರಿಬಡಚಿಯ ಮಕ್ಕಳಿಗೆ ಇದನ್ನು ಯಾರೂ ಕಲಿಸಿಕೊಡಬೇಕಾದುದಿಲ್ಲ. ಜತ್ತ ತಾಲೂಕಿನ ಈ ಭಾಗದಲ್ಲಿ ಬರದ ವರುಷಗಳು ಬಂದಾಗ, ಯುಗಾದಿ ಕಳೆಯುತ್ತಲೇ ಬಾವಿಗಳು ತಳ ಕಾಣುವುದನ್ನೂ, ಬೋರುಗಳು ನೀರಿಗೆ ಬದಲಾಗಿ ಗಾಳಿಯನ್ನು ಉಗುಳುವುದನ್ನೂ, ಬೀದಿಯಲ್ಲಿ ಕೊಡಗಳ ಸಾಲು ಟ್ಯಾಂಕರಿನ ದಾರಿ ಕಾಯುವುದನ್ನೂ ಅವರು ಕಣ್ಣಾರೆ ಕಂಡಿರುವರು. ಟ್ಯಾಂಕರು ಬರುವ ಹೊತ್ತೂ ಶಾಲೆಯ ಹೊತ್ತೂ ಒಂದೇ ಆದಾಗ ತರಗತಿಯಲ್ಲಿ ತೆರವಾಗುವ ಸ್ಥಳಗಳು ಬಹುಮಟ್ಟಿಗೆ ಹೆಣ್ಣುಮಕ್ಕಳವು. ಆದುದರಿಂದ ನೀರಿನ ಪ್ರಶ್ನೆಯು ನಮಗೆ ವಿದ್ಯೆಯ ಪ್ರಶ್ನೆಯೂ ಆಗಿದೆ.

ಈ ಲೇಖನದಲ್ಲಿ ನಾವು ಕಾಲುವೆ, ಅಣೆಕಟ್ಟು, ಏತ ನೀರಾವರಿ ಮೊದಲಾದ ದೊಡ್ಡ ವಿಷಯಗಳನ್ನು ಎತ್ತಿಕೊಂಡಿಲ್ಲ. ಅವು ಸರಕಾರದ ಕೆಲಸಗಳು. ಅವುಗಳ ಬೆಲೆ ಅವುಗಳಿಗಿದೆ. ಒಂದು ಮನೆಯವರು ತಮ್ಮ ಮನೆಯ ಮೇಲೆ ಬಿದ್ದ ಮಳೆಯಿಂದಲೇ ವರುಷವಿಡೀ ಕುಡಿಯುವ ಮತ್ತು ಅಡಿಗೆಯ ನೀರನ್ನು ಪಡೆಯಬಹುದೇ ಎಂಬುದಷ್ಟೇ ಇಲ್ಲಿಯ ವಿಚಾರ. ಪಡೆಯಬಹುದೆಂಬುದನ್ನು ಮಾತಿನಿಂದಲ್ಲ, ಲೆಕ್ಕದಿಂದ ತೋರಿಸಲು ಯತ್ನಿಸುವೆವು. ವಿದ್ಯಾರ್ಥಿಗಳು ಪಾಟಿ ಬಳಪಗಳನ್ನು ಹತ್ತಿರ ಇಟ್ಟುಕೊಂಡೇ ಇದನ್ನು ಓದಬೇಕೆಂದು ಕೋರುವೆವು.

1. ಮಳೆ ಕಡಿಮೆಯೋ, ಕೂಡಿಡುವುದು ಕಡಿಮೆಯೋ?

ಅರಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಸಹ್ಯಾದ್ರಿಯ ಗೋಡೆಗೆ ಬಡಿದು ತಮ್ಮ ಭಾರವನ್ನೆಲ್ಲ ಅಲ್ಲಿಯೇ ಇಳಿಸಿಬಿಡುವುವು. ಕೃಷ್ಣೆಯು ಹುಟ್ಟುವ ಮಹಾಬಳೇಶ್ವರದಲ್ಲಿ ವರುಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಪರ್ವತವನ್ನು ದಾಟಿ ಮೂಡಲಿಗೆ ಬಂದಂತೆ ಮಳೆಯು ಕುಗ್ಗುತ್ತ ಕುಗ್ಗುತ್ತ ನಮ್ಮ ತಾಲೂಕಿಗೆ ಬರುವ ಹೊತ್ತಿಗೆ ಸರಾಸರಿ 500 ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲುವುದು. ಇಂಥ ಸೀಮೆಗೆ ಭೂಗೋಲದಲ್ಲಿ ಮಳೆಯ ನೆರಳಿನ ಪ್ರದೇಶವೆಂದು ಹೆಸರು. ಮೃಗಶಿರ, ಆರಿದ್ರೆಗಳಲ್ಲಿ ನಾಲ್ಕು ಹನಿ ಬಂದು, ನಡುವೆ ಬಹುಕಾಲ ಮುಗಿಲು ಬರಿದಾಗಿದ್ದು, ಉತ್ತರೆ ಹಸ್ತೆಗಳಲ್ಲಿ ಒಮ್ಮೆಲೇ ಸುರಿಯುವುದು ಇಲ್ಲಿಯ ಮಳೆಯ ಸ್ವಭಾವ.

ಒಂದೇ ಸಾಂಗಲಿ ಜಿಲ್ಲೆಯಲ್ಲಿ ಈ ಭೇದವು ಎಷ್ಟಿದೆಯೆಂಬುದನ್ನು 2019ರಲ್ಲಿ ಎಲ್ಲರೂ ಕಂಡರು. ಆ ಬೇಸಿಗೆಯಲ್ಲಿ ಪೂರ್ವಭಾಗದ ಊರುಗಳು ಟ್ಯಾಂಕರಿನ ನೀರಿನಿಂದ ದಿನ ದೂಡಿದುವು. ಅದೇ ವರುಷದ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರವು ಸಾಂಗಲಿ ನಗರದ ಬೀದಿಗಳಲ್ಲಿ ದೋಣಿ ನಡೆಯುವಂತೆ ಮಾಡಿತು.

ಆದರೆ ಮಳೆ ಹೆಚ್ಚಿದ್ದಲ್ಲಿ ನೀರಿನ ಕೊರತೆಯೇ ಇಲ್ಲವೆಂದು ತಿಳಿಯಬಾರದು. ಕನ್ನಡಿಗರು ನೆಲಸಿರುವ ಕಾಸರಗೋಡು ಸೀಮೆಯಲ್ಲಿ ವರುಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವುದು. ಆದರೂ ಗುಡ್ಡದ ಮೇಲಿನ ಮನೆಗಳಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ನೀರಿಗೆ ಪರದಾಟ ಉಂಟು. ಅಲ್ಲಿಯ ಹಿರಿಯರು ಗುಡ್ಡದ ಒಡಲಿಗೆ ಅಡ್ಡಲಾಗಿ ಸುರಂಗ ಕೊರೆದು ಒಸರುವ ನೀರನ್ನು ಹಿಡಿದರು. ಆ ಸೀಮೆಯ ಪತ್ರಿಕೋದ್ಯಮಿ ಶ್ರೀ ಪಡ್ರೆಯವರು ಮಳೆಯನ್ನು ಬಿದ್ದಲ್ಲಿಯೇ ಹಿಡಿಯಬೇಕೆಂದು ಅನೇಕ ವರುಷಗಳಿಂದ ಕನ್ನಡದಲ್ಲಿ ಬರೆಯುತ್ತ ಬಂದಿರುವರು. ಮೇಘಾಲಯದ ಚಿರಾಪುಂಜಿಯು ಜಗತ್ತಿನಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದು. ಚಳಿಗಾಲ ಬಂತೆಂದರೆ ಅಲ್ಲಿಯ ಹೆಂಗಸರೂ ನೀರಿಗಾಗಿ ದೂರ ನಡೆಯಬೇಕಾಗುವುದು. ಇದಕ್ಕೆ ವಿರುದ್ಧವಾಗಿ ರಾಜಸ್ಥಾನದ ಮರುಭೂಮಿಯಲ್ಲಿ, ನಮಗಿಂತಲೂ ಬಹಳ ಕಡಿಮೆ ಮಳೆಯ ಊರುಗಳಲ್ಲಿ, ಜನರು ಅಂಗಳದಲ್ಲಿ 'ಟಾಂಕಾ' ಎಂಬ ನೆಲದೊಳಗಿನ ತೊಟ್ಟಿಗಳನ್ನು ಕಟ್ಟಿ ಕುಡಿಯುವ ನೀರನ್ನು ಕಾಪಾಡಿಕೊಂಡು ಬಂದಿರುವರು. ಆದುದರಿಂದ ಎಷ್ಟು ಬಿತ್ತು ಎಂಬುದರ ಜೊತೆಗೆ ಎಷ್ಟನ್ನು ಹಿಡಿದೆವು ಎಂಬುದನ್ನೂ ಕೇಳಬೇಕು.

2. ನಮ್ಮ ಸೀಮೆಯ ಹಿರಿಯರು ಮಾಡಿದುದು

ನಮ್ಮ ಊರಿಗೆ ದೂರವಲ್ಲದ ವಿಜಯಪುರವನ್ನೇ ನೋಡಿರಿ. ಒಣನೆಲದ ನಡುವೆ ಇದ್ದ ಆ ರಾಜಧಾನಿಯು ಆದಿಲಶಾಹಿ ಅರಸರ ಕಾಲದಲ್ಲಿ ದೊಡ್ಡ ಜನಸಮುದಾಯಕ್ಕೆ ನೀರು ಕುಡಿಸಿತು. 1620ರ ತಾಜ ಬಾವಡಿ, 1651ರಲ್ಲಿ ಮುಹಮ್ಮದ ಆದಿಲಶಹನ ಆಳಿಕೆಯಲ್ಲಿ ಕಟ್ಟಿಸಿದ ಬೇಗಮ್ ತಲಾಬ ಇವು ಇಂದಿಗೂ ಇವೆ. ಬೇಗಮ್ ತಲಾಬದ ನೀರನ್ನು ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ತಂದು, ನಡುನಡುವೆ 'ಗಂಜ' ಎಂಬ ಗೋಪುರಗಳನ್ನು ಕಟ್ಟಿ ನೀರಿನ ಒತ್ತಡವನ್ನು ಹದದಲ್ಲಿ ಇಟ್ಟಿದ್ದರು. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತರುವ ಏರ್ಪಾಡೂ ಇತ್ತು. ಮುಂದೆ ನಳದ ನೀರು ಬಂದ ಮೇಲೆ ಬಾವಡಿಗಳನ್ನು ಕೇಳುವವರಿಲ್ಲದೆ ಹಲವು ಕಸದ ಗುಂಡಿಗಳಾದುವು. ಇತ್ತೀಚಿನ ವರುಷಗಳಲ್ಲಿ ತಾಜ ಬಾವಡಿ ಮೊದಲಾದುವುಗಳ ಹೂಳು ತೆಗೆಯಿಸಿದ ಮೇಲೆ ಅವು ಮತ್ತೆ ನೀರಿನಿಂದ ತುಂಬಿದುವು.

ಚಿತ್ರದುರ್ಗದ ಕೋಟೆಯಲ್ಲಿ ಇನ್ನೊಂದು ಪಾಠವಿದೆ. ಬೆಟ್ಟದ ಬಂಡೆಗಳ ಮೇಲೆ ಬಿದ್ದ ಮಳೆಯು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ ಮುಂತಾದ ಹೊಂಡಗಳಲ್ಲಿ ಒಂದರ ಕೆಳಗೊಂದರಂತೆ ನಿಲ್ಲುವುದು. ಮೇಲಿನದು ತುಂಬಿ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಕೆಸರು ಮೇಲಿನ ಹೊಂಡದ ತಳದಲ್ಲಿ ಕುಳಿತು, ತಿಳಿಯಾದ ನೀರು ಮಾತ್ರ ಕೆಳಗೆ ಇಳಿಯುವುದು. ನಾವು ಮುಂದೆ ಹೇಳಲಿರುವ ಸೋಸುವ ಕ್ರಮದ ಮೊದಲ ತತ್ತ್ವವೇ ಇದು: ನೀರು ನಿಂತರೆ ಕೆಸರು ಇಳಿಯುವುದು.

ಇವು ಅರಸರ ಮಾತಾಯಿತು; ಒಕ್ಕಲಿಗನ ಮನೆಯ ಮಾತೇನು? ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜೋಳವನ್ನು ಕಾಪಾಡಲು ನೆಲದಲ್ಲಿ ಹಗೇವು ತೋಡುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಕಾಳು ತುಂಬಿ, ಬಾಯಿ ಮುಚ್ಚಿ, ಬರದ ವರುಷಕ್ಕೆ ತೆಗೆಯುತ್ತಿದ್ದರು. ಬೆಳೆ ಬಂದ ವರುಷದಲ್ಲಿ ಬರದ ವರುಷವನ್ನು ನೆನೆಯುವ ಈ ವಿವೇಕವು ನಮ್ಮ ರಕ್ತದಲ್ಲಿಯೇ ಇದೆ. ಕಾಳಿಗಾಗಿ ನಾವು ಮಾಡಿದುದನ್ನು ನೀರಿಗಾಗಿ ಮಾಡುವುದೇ ಈಗ ಬೇಕಾಗಿರುವುದು.

3. ಬೆಂಗಳೂರಿನ ಒಂದು ಮನೆ

ಇಂದಿನ ಕಾಲದ ಒಂದು ನಿದರ್ಶನವನ್ನು ಹೇಳುವೆವು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಗಳಾಗಿ ದುಡಿದ ಶ್ರೀ ಎ. ಆರ್. ಶಿವಕುಮಾರ ಅವರು 1995ರಲ್ಲಿ ಬೆಂಗಳೂರಿನ ವಿಜಯನಗರದಲ್ಲಿ ಮನೆ ಕಟ್ಟಿಸಿದರು. ನಗರದ ನಳದ ನೀರಿನ ಸಂಪರ್ಕವನ್ನೇ ಪಡೆಯದೆ, ಮನೆಯ ಮೇಲೆ ಬಿದ್ದ ಮಳೆಯಿಂದಲೇ ಸಂಸಾರದ ನೀರಿನ ಅವಶ್ಯಕತೆಗಳನ್ನು ಪೂರೈಸಲು ಅವರು ನಿಶ್ಚಯಿಸಿದರು.

ಅವರ ಯೋಚನೆಯ ದಾರಿಯು ನಮ್ಮ ವಿದ್ಯಾರ್ಥಿಗಳಿಗೆ ಮಾದರಿಯಾಗಿದೆ. ಅವರು ಮೊದಲು ತೊಟ್ಟಿ ಕಟ್ಟಲಿಲ್ಲ. ಮೊದಲು ಮಳೆಯ ಹಳೆಯ ಲೆಕ್ಕಗಳನ್ನು ನೋಡಿದರು. ಒಂದು ಒಳ್ಳೆಯ ಮಳೆಗೂ ಇನ್ನೊಂದಕ್ಕೂ ನಡುವೆ ಬೆಂಗಳೂರಿನಲ್ಲಿ ಹೆಚ್ಚೆಂದರೆ ಸುಮಾರು 100 ದಿನ ಅಂತರವಿರುವುದೆಂದು ಕಂಡುಕೊಂಡರು. ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ 400 ಲೀಟರು ಬೇಕು. 400ನ್ನು 100ರಿಂದ ಗುಣಿಸಿದರೆ 40,000. ಆದುದರಿಂದ ಸುಮಾರು 45,000 ಲೀಟರು ಹಿಡಿಯುವ ತೊಟ್ಟಿಗಳನ್ನು ಮಾಡಿಸಿದರು. ಅಂದಿನಿಂದ ಆ ಮನೆಯು ಮಳೆಯ ನೀರಿನಿಂದಲೇ ನಡೆದಿದೆ. ಮುಂದೆ 2009ರಲ್ಲಿ ಬೆಂಗಳೂರಿನಲ್ಲಿ ನಿರ್ದಿಷ್ಟ ಅಳತೆಯ ನಿವೇಶನಗಳ ಮನೆಗಳಿಗೆ ಮಳೆನೀರಿನ ಸಂಗ್ರಹವನ್ನು ಕಾನೂನಿನಿಂದಲೇ ಕಡ್ಡಾಯ ಮಾಡಲಾಯಿತು. ತಮಿಳುನಾಡಿನಲ್ಲಿ ಇಂಥ ಕಟ್ಟಳೆಯು 2003ರಲ್ಲಿಯೇ ಬಂದಿತ್ತು. ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪಗಳಲ್ಲಂತೂ ನದಿಗಳೇ ಇಲ್ಲ. ಅಲ್ಲಿ ಮನೆಯ ಮಾಳಿಗೆಗೆ ಸುಣ್ಣದ ಬಿಳಿಯ ಲೇಪ ಕೊಟ್ಟು ಮಳೆ ಹಿಡಿದು ಮನೆಯಡಿಯ ತೊಟ್ಟಿಗೆ ಬಿಡುವುದು ಬಹುಕಾಲದ ರೂಢಿ ಮತ್ತು ಕಾನೂನು.

ಈ ನಿದರ್ಶನವನ್ನು ನಾವು ಹಾಗೆಯೇ ನಕಲು ಮಾಡಲಾಗದು. ಬೆಂಗಳೂರಿಗೆ ವರುಷಕ್ಕೆ 900 ಮಿಲಿಮೀಟರಿನಷ್ಟು ಮಳೆಯುಂಟು; ಅದೂ ಏಪ್ರಿಲಿನಿಂದ ನವೆಂಬರಿನವರೆಗೆ ಹಂಚಿ ಬೀಳುವುದು. ನಮಗೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಳೆ. ಒಣ ದಿನಗಳು ಎಂಟು ತಿಂಗಳು. ಸ್ನಾನ, ಬಟ್ಟೆ ಒಗೆತ, ದನಕರು ಎಲ್ಲಕ್ಕೂ ಮಾಳಿಗೆಯ ನೀರೇ ಸಾಕೆಂದು ನಾವು ಹೇಳಲಾರೆವು. ಆದರೆ ಅವರ ಲೆಕ್ಕದ ಕ್ರಮವನ್ನು ಹಿಡಿದು, ಆಸೆಯನ್ನು ಕುಡಿಯುವ ಮತ್ತು ಅಡಿಗೆಯ ನೀರಿಗೆ ಮಿತಗೊಳಿಸಿದರೆ, ನಮ್ಮ ಮಳೆಯೂ ಸಾಲುವುದು. ಹೇಗೆಂಬುದನ್ನು ಈಗ ನೋಡೋಣ.

4. ನಮ್ಮ ಮನೆಯ ಲೆಕ್ಕ

ಒಂದು ಚದರ ಮೀಟರು ಸ್ಥಳದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸಿಗುವ ನೀರು ಸರಿಯಾಗಿ ಒಂದು ಲೀಟರು. ಈ ಒಂದು ಸೂತ್ರವನ್ನು ನೆನಪಿನಲ್ಲಿಟ್ಟರೆ ಉಳಿದುದೆಲ್ಲ ಗುಣಾಕಾರ.

10 ಮೀಟರು ಉದ್ದ, 5 ಮೀಟರು ಅಗಲದ (ಸುಮಾರು 33 ಅಡಿಗೆ 16 ಅಡಿ) ಒಂದು ಮನೆಯನ್ನು ತೆಗೆದುಕೊಳ್ಳೋಣ. ಮಾಳಿಗೆಯ ಕ್ಷೇತ್ರಫಲ 50 ಚದರ ಮೀಟರು. ಮಳೆ 500 ಮಿಲಿಮೀಟರು. ಎರಡನ್ನೂ ಗುಣಿಸಿದರೆ 25,000 ಲೀಟರು. ಇದರಲ್ಲಿ ಒಂದಿಷ್ಟು ಆವಿಯಾಗುವುದು, ಒಂದಿಷ್ಟು ಮಾಳಿಗೆ ತೊಳೆದು ಹೋಗುವುದು. ಸ್ಲ್ಯಾಬಿನ ಮನೆಯಲ್ಲಿ ನೂರಕ್ಕೆ 80 ಪಾಲು ಕೈಗೆ ಬಂತೆಂದರೆ 20,000 ಲೀಟರು. ತಗಡಿನ ಮನೆಯಲ್ಲಿ ಇನ್ನೂ ತುಸು ಹೆಚ್ಚು. ಇಳಿಜಾರಿನ ತಗಡಾದರೆ ತಗಡಿನ ಉದ್ದವನ್ನಲ್ಲ, ಅದು ಮುಚ್ಚಿದ ನೆಲದ ಉದ್ದಗಲಗಳನ್ನು ಅಳೆಯಬೇಕೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಈ ಸಂಖ್ಯೆಯ ಬೆಲೆಯನ್ನು ತಿಳಿಯಲು ಒಂದು ಸಂಗತಿಯನ್ನು ನೆನೆಯೋಣ. 2016ರ ಏಪ್ರಿಲಿನಲ್ಲಿ ನಮ್ಮ ಜಿಲ್ಲೆಯ ಮಿರಜದಿಂದ ಬರಪೀಡಿತ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಿದರು. ಮೊದಲ ರೈಲಿನ 10 ಡಬ್ಬಿಗಳಲ್ಲಿ ಹೋದ ನೀರು ಸುಮಾರು 5 ಲಕ್ಷ ಲೀಟರು. ದೇಶವೆಲ್ಲ ಅದನ್ನು ಬೆರಗಿನಿಂದ ನೋಡಿತು. 5 ಲಕ್ಷವನ್ನು 20,000ದಿಂದ ಭಾಗಿಸಿರಿ, 25 ಬರುವುದು. ಅಂದರೆ ಮೇಲೆ ಹೇಳಿದ ಅಳತೆಯ 25 ಮನೆಗಳ ಮಾಳಿಗೆಯಿಂದ ಒಂದು ಸಾಧಾರಣ ವರುಷದಲ್ಲಿ ನಾವು ಹಿಡಿಯಬಹುದಾದ ನೀರು ಅಂಥ ಒಂದು ರೈಲಿನ ನೀರಿಗೆ ಸಮ.

ಇನ್ನು ಖರ್ಚಿನ ಲೆಕ್ಕ. ಐದು ಜನರ ಮನೆಯಲ್ಲಿ ಕುಡಿಯಲು ಮತ್ತು ಅಡಿಗೆಗೆ ತಲೆಗೆ 8 ಲೀಟರಿನಂತೆ ದಿನಕ್ಕೆ 40 ಲೀಟರು ಸಾಕು; ಇದು ಹೆಚ್ಚು ಕಡಿಮೆ ಮೂರು ಕೊಡ. ವರುಷಕ್ಕೆ 14,600 ಲೀಟರು. ಬರುವುದು 20,000, ಬೇಕಾದುದು 14,600. ಮಳೆ ಸಾಲುವುದೆಂಬುದು ಸಿದ್ಧವಾಯಿತು.

ತೊಟ್ಟಿ ಎಷ್ಟು ದೊಡ್ಡದಿರಬೇಕು? ಇಲ್ಲಿ ಹಲವರು ತಪ್ಪುವರು. ತೊಟ್ಟಿಯ ಅಳತೆಯನ್ನು ನಿರ್ಣಯಿಸುವುದು ಮಳೆಯ ದಿನಗಳಲ್ಲ, ಮಳೆಯಿಲ್ಲದ ದಿನಗಳು. ಅಕ್ಟೋಬರಿನ ಕೊನೆಯಿಂದ ಜೂನಿನ ಕೊನೆಯವರೆಗೆ 240 ದಿನ ಹಿಡಿಯೋಣ. 240ನ್ನು 40ರಿಂದ ಗುಣಿಸಿದರೆ 9,600. ಆದುದರಿಂದ 10,000 ಲೀಟರಿನ ತೊಟ್ಟಿ ಬೇಕು. ಎರಡೂವರೆ ಮೀಟರು ಉದ್ದ, ಎರಡು ಮೀಟರು ಅಗಲ, ನೀರಿನ ಆಳ ಎರಡು ಮೀಟರು ಇದ್ದರೆ ಸರಿಯಾಗಿ ಅಷ್ಟೇ ಹಿಡಿಯುವುದು.

ಮಳೆ ಅರ್ಧಕ್ಕೆ ಇಳಿದ ವರುಷ ಏನು ಗತಿ? 250 ಮಿಲಿಮೀಟರು ಬಿದ್ದರೆ ನಮ್ಮ ಕೈಗೆ ಬರುವುದು 10,000 ಲೀಟರು ಮಾತ್ರ. ಆಗ ಎರಡು ದಾರಿಗಳಿವೆ. ಮಳೆಗಾಲದಲ್ಲಿ ಬಾವಿಯ ಅಥವಾ ನಳದ ನೀರು ಇರುವಷ್ಟು ದಿನ ತೊಟ್ಟಿಯನ್ನು ಮುಟ್ಟದೆ ಒಣ ದಿನಗಳಿಗೆ ಮೀಸಲಿಡುವುದು ಒಂದು. ತೊಟ್ಟಿಯ ನೀರನ್ನು ಕುಡಿಯಲು ಮಾತ್ರ, ದಿನಕ್ಕೆ 20 ಲೀಟರಿನಂತೆ, ಬಳಸುವುದು ಇನ್ನೊಂದು. ಹಾಗಾದರೆ ವರುಷಕ್ಕೆ 7,300 ಲೀಟರು ಸಾಕಾಗುವುದು.

ಮನೆ ಚಿಕ್ಕದು, ದೊಡ್ಡ ತೊಟ್ಟಿಗೆ ಹಣವಿಲ್ಲ ಎನ್ನುವ ಪಾಲಕರು ನಿರಾಶರಾಗಬೇಕಾದುದಿಲ್ಲ. 25 ಚದರ ಮೀಟರಿನ ಮನೆಯಿಂದಲೂ ಸಾಧಾರಣ ವರುಷದಲ್ಲಿ 10,000 ಲೀಟರು ಬರುವುದು. 5,000 ಲೀಟರಿನ ತೊಟ್ಟಿಯು ಕುಡಿಯುವ ನೀರನ್ನು 250 ದಿನ ಕೊಡುವುದು. ಅದೂ ಆಗದವರು 1,000 ಲೀಟರಿನ ಸಿಂಟೆಕ್ಸ್ ತೊಟ್ಟಿಯೊಂದನ್ನು ಇಟ್ಟರೂ 50 ದಿನದ ಕುಡಿಯುವ ನೀರಾಯಿತು. ಟ್ಯಾಂಕರು ತಪ್ಪಿದ ವಾರದಲ್ಲಿ ಆ ಬೆಲೆ ತಿಳಿಯುವುದು.

5. ಸಂಗ್ರಹದ ಕ್ರಮ

ಮಾಳಿಗೆ: ಸ್ಲ್ಯಾಬು, ತಗಡು, ಹೆಂಚು ಇವು ಮಳೆ ಹಿಡಿಯಲು ಯೋಗ್ಯ. ಮಣ್ಣಿನ ಮಾಳಿಗೆಯು ನೀರನ್ನು ಕುಡಿದುಬಿಡುವುದಲ್ಲದೆ ಬಂದ ನೀರು ಕೆಂಪಾಗಿರುವುದು. ಅದು ಗಿಡಗಳಿಗೆ ಸರಿ, ಕುಡಿಯಲು ಸಲ್ಲದು. ಅಂಥ ಮನೆಯವರು ಮಳೆಗಾಲದಲ್ಲಿ ಶುದ್ಧವಾದ ತಾಡಪತ್ರಿಯನ್ನು ಮಾಳಿಗೆಯ ಮೇಲೆ ಇಳಿಜಾರಾಗಿ ಹಾಸಿ, ಅಥವಾ ಅಂಗಳದಲ್ಲಿ ನಾಲ್ಕು ಗೂಟಗಳಿಗೆ ಕಟ್ಟಿ ನೀರು ಹಿಡಿಯಬಹುದು. ಸಿಮೆಂಟಿನ ಕಲ್ನಾರು ಹಾಳೆಯ ಮತ್ತು ಸೀಸವಿರುವ ಬಣ್ಣ ಬಳಿದ ಮಾಳಿಗೆಯ ನೀರನ್ನು ಕುಡಿಯಲು ಬಳಸದಿರುವುದು ಲೇಸು. ರೋಹಿಣಿ ಮಳೆಗೆ ಮುಂಚೆ ಮಾಳಿಗೆಯನ್ನು ಗುಡಿಸಿ, ಒಣಗಲು ಹಾಕಿದ ಸೆಗಣಿ ಕುಳ್ಳು, ಹೊಟ್ಟು, ಹಳೆಯ ಸಾಮಾನುಗಳನ್ನು ತೆಗೆಯಬೇಕು.

ದೋಣಿ ಮತ್ತು ಕೊಳವೆ: ತಗಡಿನ ಅಂಚಿಗೆ ಅರ್ಧ ಸೀಳಿದ ಕೊಳವೆಯನ್ನು ದೋಣಿಯಂತೆ, ಒಂದು ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟು ಕಟ್ಟಬೇಕು. ಸ್ಲ್ಯಾಬಿನ ಮನೆಯಲ್ಲಿ ನೀರೆಲ್ಲ ಒಂದೇ ಮೂಲೆಗೆ ಬರುವಂತೆ ಗಿಲಾಯಿ ಮಾಡಿಸಬೇಕು. ಬಾಯಿಗೆ ಜಾಳಿಗೆ ಇಟ್ಟರೆ ಎಲೆ ಕಡ್ಡಿಗಳು ಅಲ್ಲಿಯೇ ನಿಲ್ಲುವುವು.

ಮೊದಲ ನೀರು: ಇದು ಎಲ್ಲಕ್ಕಿಂತ ಮುಖ್ಯವಾದ ಮಾತು. ಬೇಸಿಗೆಯ ಧೂಳು, ಹಕ್ಕಿಗಳ ಹಿಕ್ಕೆ, ಇಲಿಯ ಮಲ ಇವೆಲ್ಲ ಮೊದಲ ಮಳೆಯಲ್ಲಿ ಕೊಚ್ಚಿ ಬರುವುವು. ವರುಷದ ಮೊದಲ ಒಂದೆರಡು ಮಳೆಯ ನೀರನ್ನು ತೊಟ್ಟಿಗೆ ಬಿಡಲೇಬಾರದು. ಮುಂದೆಯೂ ಪ್ರತಿ ಮಳೆಯ ಮೊದಲ ಎರಡು ಮಿಲಿಮೀಟರು, ಅಂದರೆ 50 ಚದರ ಮೀಟರಿನ ಮನೆಗೆ 100 ಲೀಟರು, ಹೊರಗೆ ಹೋಗಬೇಕು. ಕೊಳವೆಗೆ ಒಂದು ಕವಲು ಕೊಟ್ಟು ಮೊದಲ ನೀರನ್ನು ಬೇರೆ ಪೀಪಾಯಿಗೆ ತಿರುಗಿಸಿದರೆ ಆ ನೀರೂ ಪಾತ್ರೆ ಪಡಗ ತೊಳೆಯಲು, ಗಿಡಕ್ಕೆ ಹಾಕಲು ಬರುವುದು.

ಸೋಸುವಿಕೆ: ಒಂದು ಪೀಪಾಯಿಯ ತಳದಲ್ಲಿ ಮುಷ್ಟಿಗಾತ್ರದ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಇದ್ದಿಲು, ಎಲ್ಲಕ್ಕೂ ಮೇಲೆ ತೊಳೆದ ದಪ್ಪ ಮರಳು, ಹೀಗೆ ಪದರುಗಳನ್ನು ಹಾಕಿ, ನಡುವೆ ನೈಲಾನ್ ಜಾಳಿಗೆ ಇಡಬೇಕು. ನೀರು ಮೇಲಿನಿಂದ ಬಿದ್ದು ತಳದ ಕೊಳವೆಯಿಂದ ತೊಟ್ಟಿಗೆ ಹೋಗುವುದು. ಪ್ರತಿ ವರುಷ ಮರಳನ್ನು ತೊಳೆದು ಇದ್ದಿಲನ್ನು ಬದಲಿಸಬೇಕು.

ತೊಟ್ಟಿ: ಊರಮಾತಿನಲ್ಲಿ ಇದಕ್ಕೆ ಟಾಕಿ ಎನ್ನುವೆವು. ನೆಲದೊಳಗಿನ ತೊಟ್ಟಿಯ ನೀರು ತಂಪಾಗಿರುವುದು. ಆದರೆ ಅದು ಪಾಯಖಾನೆ ಮತ್ತು ತಿಪ್ಪೆಗಳಿಂದ 15 ಮೀಟರಾದರೂ ದೂರವಿರಬೇಕು, ಬಾಯಿಯು ನೆಲಕ್ಕಿಂತ ಮೊಳದಷ್ಟು ಎತ್ತರವಿರಬೇಕು. ನೀರಿನ ಭಾರವು ಅಲ್ಪವಲ್ಲ. 10,000 ಲೀಟರೆಂದರೆ 10 ಟನ್ನು. ಆದುದರಿಂದ ಕೆಲಸ ಬಲ್ಲ ಗೌಂಡಿಯಿಂದಲೇ ಕಟ್ಟಿಸಬೇಕು. ಒಳಗೆ ಬೆಳಕು ಬೀಳಬಾರದು; ಬೆಳಕು ಇಲ್ಲದಲ್ಲಿ ಪಾಚಿ ಬೆಳೆಯದು. ಮುಚ್ಚಳಕ್ಕೆ ಬೀಗವಿರಬೇಕು, ಇದು ಮಕ್ಕಳ ಜೀವದ ಪ್ರಶ್ನೆ. ಕೊಡ ಮುಳುಗಿಸಿ ನೀರೆತ್ತದೆ ಕೈಪಂಪಿನಿಂದಲೋ ನಲ್ಲಿಯಿಂದಲೋ ತೆಗೆಯಬೇಕು. ವರುಷಕ್ಕೊಮ್ಮೆ ಬೇಸಿಗೆಯ ಕೊನೆಯಲ್ಲಿ ತೊಟ್ಟಿಯನ್ನು ತೊಳೆಯಬೇಕು. ಆಗ ಮುಚ್ಚಳವನ್ನು ಬಹಳ ಹೊತ್ತು ತೆರೆದಿಟ್ಟು ಗಾಳಿಯಾಡಿಸಿದ ಮೇಲೆಯೇ ಒಳಗಿಳಿಯಬೇಕು, ಮೇಲೆ ಒಬ್ಬರು ನಿಂತಿರಲೇಬೇಕು. ಮುಚ್ಚಿದ ತೊಟ್ಟಿಯಲ್ಲಿ ಉಸಿರಾಡುವ ಗಾಳಿ ಸಾಲದೆ ಜೀವ ಹೋಗುವ ಅಪಾಯವುಂಟು.

6. ನೀರಿನ ಗುಣ ಮತ್ತು ಶುದ್ಧಿ

ಮಳೆಯ ನೀರು ಮೆದುವಾದುದು. ಭೂಮಿಯೊಳಗಿನ ನೀರು ಕಲ್ಲುಗಳ ನಡುವೆ ಹರಿಯುವಾಗ ಕ್ಯಾಲ್ಸಿಯಂ, ಮ್ಯಾಗ್ನೇಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುವುದು. ಗಡಸು ನೀರಿನಲ್ಲಿ ಸಾಬೂನು ನೊರೆಗೊಡದು, ತೊಗರಿಬೇಳೆ ಬೇಗ ಬೇಯದು. ಈ ರಸಾಯನಶಾಸ್ತ್ರವನ್ನು ನಮ್ಮ ತಾಯಂದಿರು ಒಲೆಯ ಮುಂದೆ ಕುಳಿತು ಎಂದೋ ಕಲಿತಿರುವರು. ಬೇಳೆ ಬೇಗ ಬೆಂದರೆ ಉರುವಲೂ ಉಳಿಯುವುದು.

ಇನ್ನೊಂದು ದೊಡ್ಡ ಗುಣವುಂಟು. ವಿಜಯಪುರ, ಬಾಗಲಕೋಟೆ, ಕಲಬುರಗಿ ಮುಂತಾದ ಜಿಲ್ಲೆಗಳ ಹಲವು ಊರುಗಳಲ್ಲಿ ಆಳದ ಬೋರಿನ ನೀರಿನಲ್ಲಿ ಫ್ಲೋರೈಡು ಮಿತಿಮೀರಿ ಇರುವುದು ಕಂಡುಬಂದಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡಿರುವ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲುಗಳಿಗೆ ಕಲೆ ಬೀಳುವುದು. ಪ್ರಮಾಣ ಬಹಳ ಹೆಚ್ಚಾದರೆ ಮುಂದೆ ಎಲುಬುಗಳೂ ಕೆಡುವುವು. ನೀರನ್ನು ಕಾಯಿಸುವುದರಿಂದ ಈ ದೋಷ ಹೋಗದು. ಮುಗಿಲಿನಿಂದ ನೇರವಾಗಿ ಹಿಡಿದ ನೀರಿನಲ್ಲಿ ಈ ಭಯವಿಲ್ಲ.

ಹಾಗೆಂದು ಮಳೆನೀರನ್ನು ಪರೀಕ್ಷೆಯಿಲ್ಲದೆ ಕುಡಿಯಬಹುದೆಂದು ನಾವು ಹೇಳುವುದಿಲ್ಲ. ಮಾಳಿಗೆಯಿಂದ ಬಂದ ನೀರಿನಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಇರಬಹುದು. ಸೋಸಿದ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ರೋಗಾಣುಗಳಿಂದ ಮುಕ್ತವಾಯಿತೆಂದಲ್ಲ. ಕುಡಿಯುವ ನೀರನ್ನು ಕುದಿ ಬರುವಂತೆ ಕಾಯಿಸಿ ಆರಿಸಿ ಕುಡಿಯುವುದು ಎಲ್ಲಕ್ಕೂ ಸುರಕ್ಷಿತ. ತುಂಬಿದ ತೊಟ್ಟಿಗೆ ಬ್ಲೀಚಿಂಗ್ ಪುಡಿಯನ್ನೂ ಹಾಕಬಹುದು: ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ ಎರಡೂವರೆ ಗ್ರಾಮಿನಂತೆ 10,000 ಲೀಟರಿಗೆ 25 ಗ್ರಾಮು. ಅದನ್ನು ಬಕೆಟ್ಟಿನ ನೀರಿನಲ್ಲಿ ಕದಡಿ, ಸುಣ್ಣವು ತಳಕ್ಕೆ ಕುಳಿತ ಮೇಲೆ ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿದು, ಅರ್ಧ ತಾಸಾದರೂ ಬಿಟ್ಟು ಬಳಸಬೇಕು.

ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಮೊಟ್ಟೆಯಿಡುವುದು ಮನೆಯ ಸುತ್ತಲಿನ ತಿಳಿನೀರಿನಲ್ಲಿ. ವಾರ ಹತ್ತು ದಿನಗಳಲ್ಲಿ ಮೊಟ್ಟೆಯು ಸೊಳ್ಳೆಯಾಗುವುದು. ಆದುದರಿಂದ ತೊಟ್ಟಿಯ ಪ್ರತಿಯೊಂದು ಕಿಂಡಿಗೂ ಸಣ್ಣ ಜಾಳಿಗೆ ಬಿಗಿದಿರಬೇಕು. ಹೊರಗಿನ ಪೀಪಾಯಿಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಬೇಕು. ಇದನ್ನು ಮರೆತರೆ ನೀರು ಕೂಡಿಡುವುದರ ಜೊತೆಗೆ ರೋಗವನ್ನೂ ಕೂಡಿಟ್ಟಂತಾಗುವುದು.

7. ಬಳಕೆಯ ಹದ

ತೊಟ್ಟಿ ತುಂಬಿದರೆ ಅರ್ಧ ಕೆಲಸವಾಯಿತು. ಉಳಿದರ್ಧವು ಜೂನಿನವರೆಗೆ ಅದನ್ನು ಒಯ್ಯುವುದು. ಇದಕ್ಕೆ ಒಂದು ಉದ್ದನೆಯ ಕೋಲು ಸಾಕು. ನಮ್ಮ ತೊಟ್ಟಿಯ ತಳ 5 ಚದರ ಮೀಟರಾದುದರಿಂದ ಒಂದು ಸೆಂಟಿಮೀಟರು ಆಳದ ನೀರೆಂದರೆ 50 ಲೀಟರು. ದಿನಕ್ಕೆ 40 ಲೀಟರು ತೆಗೆದರೆ ನೀರು 8 ಮಿಲಿಮೀಟರು ಇಳಿಯುವುದು. ತಿಂಗಳಿಗೆ 24 ಸೆಂಟಿಮೀಟರು. ನವೆಂಬರಿನ ಮೊದಲ ದಿನ 200 ಸೆಂಟಿಮೀಟರು ನೀರಿದ್ದರೆ, ಸಂಕ್ರಾಂತಿಯ ದಿನ ಸುಮಾರು 140, ಮಾರ್ಚಿಯ ನಡುವೆ ಹೋಳಿಯ ಹೊತ್ತಿಗೆ 92, ಮೇ ಮೊದಲಲ್ಲಿ ಬಸವ ಜಯಂತಿಯ ಆಸುಪಾಸಿಗೆ 54, ಜೂನಿನ ನಡುವೆ ಕಾರಹುಣ್ಣಿಮೆಯ ಕಾಲಕ್ಕೆ 18 ಉಳಿದಿರಬೇಕು. ಕೋಲಿನ ಮೇಲೆ ಈ ಹಬ್ಬಗಳ ಗುರುತುಗಳನ್ನು ಕೊರೆದಿಡಿರಿ. ಕೋಲನ್ನು ಪ್ರತಿ ಸಲವೂ ತೊಳೆದೇ ಇಳಿಸಿರಿ. ಹೋಳಿಗೆ ಬರಬೇಕಾದ ಗುರುತು ಸಂಕ್ರಾಂತಿಗೇ ಬಂದರೆ ಕೈ ಬಿಗಿಹಿಡಿಯಬೇಕೆಂದು ಅರ್ಥ. ಬಾಯಾರಿದಾಗ ಬಾವಿ ತೋಡುವುದಕ್ಕಿಂತ ಮೂರು ತಿಂಗಳು ಮೊದಲು ತಿಳಿಯುವುದು ಮೇಲಲ್ಲವೇ?

ತೊಟ್ಟಿ ತುಂಬಿದ ಮೇಲೂ ಮಳೆ ಬರುತ್ತಿದ್ದರೆ ಆ ದಿನಗಳಲ್ಲಿ ಸ್ನಾನಕ್ಕೂ ಒಗೆತಕ್ಕೂ ಮಳೆನೀರನ್ನು ಧಾರಾಳವಾಗಿ ಬಳಸಬಹುದು. ತುಂಬಿ ಹರಿದ ನೀರನ್ನು ಬೀದಿಗೆ ಬಿಡದೆ ಇಂಗುಗುಂಡಿಗೆ, ಇಲ್ಲವೆ ಸೋಸಿ ಹಳೆಯ ಬಾವಿಗೆ ಬಿಟ್ಟರೆ ಊರಿನ ಅಂತರ್ಜಲಕ್ಕೆ ಅದು ನಮ್ಮ ಕಾಣಿಕೆ. ಬಚ್ಚಲ ನೀರು ನುಗ್ಗೆ, ಬಾಳೆ, ಕರಿಬೇವಿನ ಗಿಡಗಳಿಗೆ ಹೋಗಲಿ.

8. ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ

(ಅ) ನೇರ ಗೋಡೆಯ, ಚಪ್ಪಟೆ ತಳದ ಒಂದು ಡಬ್ಬಿಯನ್ನು ಗಿಡಮರಗಳಿಲ್ಲದ ಬಯಲಿನಲ್ಲಿ ಭದ್ರವಾಗಿಡಿರಿ. ಪ್ರತಿದಿನ ಬೆಳಿಗ್ಗೆ 8-30ಕ್ಕೆ ಅದರಲ್ಲಿಯ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆದು, ಬರೆದಿಟ್ಟು, ನೀರು ಚೆಲ್ಲಿರಿ. ನಮ್ಮ ದೇಶದ ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಅಳೆಯುವ ಹೊತ್ತೂ ಅದೇ.

(ಆ) ನಿಮ್ಮ ಮನೆಯ ಉದ್ದಗಲಗಳನ್ನು ಅಳೆದು, ವರುಷಕ್ಕೆ ಎಷ್ಟು ನೀರು ಹಿಡಿಯಬಹುದೆಂಬುದನ್ನು ಲೆಕ್ಕ ಮಾಡಿರಿ. ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಯಾವ ಕೆಲಸಕ್ಕೆ ಹೋಗುವುದು, ಯಾರು ಹೊತ್ತು ತರುವರು, ಎಷ್ಟು ಹೊತ್ತು ಹಿಡಿಯುವುದು ಎಂಬುದನ್ನು ಒಂದು ವಾರ ಬರೆಯಿರಿ. ಈ ಕೊನೆಯ ಎರಡು ಪ್ರಶ್ನೆಗಳ ಉತ್ತರವನ್ನು ತಂದೆಯವರಿಗೆ ಓದಿ ಹೇಳಿರಿ.

(ಇ) ಒಂದು ಲೋಟ ಮಳೆನೀರು, ಒಂದು ಲೋಟ ಬೋರಿನ ನೀರು ತೆಗೆದುಕೊಂಡು ಎರಡರಲ್ಲಿಯೂ ಒಂದೇ ಅಳತೆಯ ಸಾಬೂನು ಕದಡಿರಿ. ನೊರೆಯ ಭೇದವನ್ನು ನೋಡಿರಿ.

(ಈ) ಒಂದು ಶಾಲೆಯ ಮಾಳಿಗೆ 150 ಚದರ ಮೀಟರು. ಮಳೆ 500 ಮಿಲಿಮೀಟರು. ನೂರಕ್ಕೆ 80 ಪಾಲು ಸಿಗುವುದು. 200 ಮಕ್ಕಳು ದಿನಕ್ಕೆ ಒಂದು ಲೀಟರಿನಂತೆ 220 ದಿನ ಕುಡಿದರೆ ಎಷ್ಟು ನೀರು ಮಿಗುವುದು? (ಉತ್ತರ: 16,000 ಲೀಟರು.)

ಪಾಲಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮದುವೆ ಮುಂಜಿಗಳಿಗೆ, ಹೊಸ ಬೋರು ಹೊಡೆಯಿಸುವುದಕ್ಕೆ ನಾವು ಸಾಲ ಮಾಡಿಯಾದರೂ ಹಣ ಹಾಕುವೆವು. ಬೋರಿನಲ್ಲಿ ನೀರು ಬೀಳುವುದು ಬಿಡುವುದು ದೈವದ ಮಾತು. ಮಾಳಿಗೆಯ ಮೇಲೆ ಮಳೆ ಬೀಳುವುದು ಪ್ರತಿವರುಷವೂ ಕಂಡ ಮಾತು. ಹೊಸ ಮನೆ ಕಟ್ಟಿಸುವವರು ಅಡಿಪಾಯದ ಜೊತೆಗೇ ತೊಟ್ಟಿಯನ್ನೂ ಕಟ್ಟಿಸಲಿ. ಹಳೆಯ ಮನೆಯವರು ಈ ಬೇಸಿಗೆಯಲ್ಲಿ ಒಂದು ದೋಣಿ, ಒಂದು ಪೀಪಾಯಿಯಿಂದಲಾದರೂ ಆರಂಭಿಸಲಿ. ಒಂದು ಓಣಿಯ ನಾಲ್ಕಾರು ಮನೆಯವರು ಕೂಡಿ ಒಬ್ಬನೇ ಗೌಂಡಿಯನ್ನು ಕರೆಯಿಸಿದರೆ ಖರ್ಚೂ ಹಗುರಾಗುವುದು. ಮನೆಯಲ್ಲಿಯೇ ಮೂರು ಕೊಡ ನೀರಿದ್ದರೆ ಕುಡಿಯುವ ನೀರಿಗಾಗಿ ಮಗಳನ್ನು ಟ್ಯಾಂಕರಿನ ಸಾಲಿನಲ್ಲಿ ನಿಲ್ಲಿಸಬೇಕಾಗದು. ಆಕೆ ಘಂಟೆ ಬಾರಿಸುವುದಕ್ಕೆ ಮುಂಚೆ ಶಾಲೆಗೆ ಬಂದು ತನ್ನ ಸ್ಥಳದಲ್ಲಿ ಕುಳಿತಿರುವಳು. ಮೃಗಶಿರ ಮಳೆಗೆ ಮುಂಚೆ ಈ ಕೆಲಸವು ಕೆಲವು ಮನೆಗಳಲ್ಲಾದರೂ ನಡೆಯಲೆಂದು ಹಾರೈಸುವೆವು.